ಸಣ್ಣ ಗಾಡಿ ಓಡುತ್ತಿರಲಿ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ಹೋದ ಸಂಚಿಕೆಯಲ್ಲಿ ತೈವಾನಿನ ಅಲಿಶಾನ್ ಬೆಟ್ಟದ ರೈಲಿನ ಬಗ್ಗೆ ಎಂಟು ಪುಟ ಹಾಕಿದ್ದೀರಿ. ಫೋಟೋಗಳು ಚೆನ್ನಾಗಿವೆ. ಆದರೆ ಎರಡು ಮಾತು ಕೇಳಬೇಕು. ಆ ಹಳಿ ಹಾಕಿದ್ದು ಕಾಡು ಕಡಿದು ನಾಟಾ ಸಾಗಿಸಲಿಕ್ಕೆ. ಸಾವಿರಾರು ವರ್ಷದ ಮರಗಳನ್ನು ಹೊತ್ತೊಯ್ದ ಹಳಿಯ ಮೇಲೆ ಈಗ ಟಿಕೆಟ್ ತೆಗೆಸಿ ಕೂತು, ಕಿಟಕಿಯಿಂದ ಕಾಡಿನ ಚಂದ ನೋಡುವುದು ನನಗೆ ಸರಿ ಕಾಣಲಿಲ್ಲ. ಇನ್ನೊಂದು, ನಾವು ಜಮಖಂಡಿಯವರು. ಬಾಗಲಕೋಟೆ–ಕುಡಚಿ ರೈಲಿಗೆ ಕಾದು ಕಾದು ನನ್ನ ತಲೆ ಬೆಳ್ಳಗಾಯಿತು. ಊರಿಗೆ ಗಾಡಿಯೇ ಇಲ್ಲದವರ ಮುಂದೆ ಆಟದ ಗಾಡಿಯ ವರ್ಣನೆ ಯಾಕೆ? ನನ್ನ ಅಜ್ಜ ಬರಗಾಲದಲ್ಲಿ ದಾಂಡೇಲಿಗೆ ಹೋಗಿ ನಾಟಾ ಡಿಪೋದಲ್ಲಿ ದಿಮ್ಮಿ ಹೊತ್ತವರು. ಅದಕ್ಕೇ ಇಷ್ಟು ಬರೆದೆ.
– ನಿವೃತ್ತ ಶಿಕ್ಷಕರೊಬ್ಬರು, ಜಮಖಂಡಿ

ಸಂಪಾದಕರ ಉತ್ತರ:

ಮಾಸ್ತರರೇ, ನಮಸ್ಕಾರ.

ನಿಮ್ಮ ಎರಡನೇ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ಕುಡಚಿ ಹಳಿಯ ಬಗ್ಗೆ ನೀವು ಹೇಳಿದ್ದು ಪೂರಾ ನ್ಯಾಯ. ಬರೀ 142 ಕಿಲೋಮೀಟರ್. ಕಬ್ಬು, ಬೆಲ್ಲ, ಸಿಮೆಂಟು, ಮುಧೋಳ–ತೇರದಾಳದ ಮಂದಿ, ಎಲ್ಲಕ್ಕೂ ಬೇಕಾದ ಹಳಿ ಅದು. ಬೆಳಗಾವಿಯಲ್ಲಿ ಕೂತ ನಮಗೂ ಕಿತ್ತೂರಿನ ಮೇಲೆ ಧಾರವಾಡಕ್ಕೆ ನೇರ ಹಳಿ ಬೇಕು ಎನ್ನುವ ಇಂಥದೇ ಸಂಕಟ ಇದೆ. ಈ ಪುಟಗಳಲ್ಲಿ ಅದನ್ನೆಲ್ಲ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಒಂದು ಗಾಡಿ ಬಂದಿಲ್ಲ ಅಂತ ಇನ್ನೊಂದು ಗಾಡಿಯ ಮಾತೇ ಆಡಬಾರದು ಅಂದರೆ ನಾನು ಒಪ್ಪುವುದಿಲ್ಲ.

'ಆಟದ ಗಾಡಿ' ಅಂದಿರಿ. ಅಲ್ಲಿ ಮಾತ್ರ ಮನಸ್ಸಿಗೆ ಸ್ವಲ್ಪ ನೋವಾಯಿತು.

ಅಲಿಶಾನ್ ಹಳಿಯ ಅಗಲ ಎಷ್ಟು ಗೊತ್ತೇ? 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಮಿರಜದಿಂದ ಪಂಢರಪುರಕ್ಕೆ ಹೋಗುತ್ತಿದ್ದ ಗಾಡಿಯದೂ ಅಷ್ಟೇ ಅಗಲ. ನಮ್ಮ ಕಡೆಯ ಹಿರಿಯರು ಅದನ್ನು ಸಣ್ಣ ಗಾಡಿ ಅನ್ನುತ್ತಿದ್ದರು. 1897ರಲ್ಲಿ ಬಾರ್ಸಿ ಲೈಟ್ ರೈಲ್ವೆ ಅಂತ ಶುರುವಾಗಿ, 1927ರಲ್ಲಿ ಮಿರಜಕ್ಕೆ ಬಂತು. ನನ್ನ ಆಯಿಯ ಜೊತೆ ನಾನು ಚಿಕ್ಕವನಿದ್ದಾಗ ಅದರಲ್ಲಿ ಹೋಗಿದ್ದೇನೆ. ಬೆಳಗಾವಿಯಿಂದ ಮಿರಜದ ತನಕ ಮೀಟರ್‌ಗೇಜ್. ಅಲ್ಲಿ ಇಳಿದರೆ ಪುಣೆ ಕಡೆಗೆ ಬ್ರಾಡ್‌ಗೇಜ್, ಪಂಢರಪುರದ ಕಡೆಗೆ ನ್ಯಾರೋಗೇಜ್. ಮೂರು ಅಗಲದ ಹಳಿಗಳೂ ಒಂದೇ ಸ್ಟೇಶನ್ನಿನಲ್ಲಿ. ಡಬ್ಬಿಯೊಳಗೆ ಎದುರು ಬದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಆಯಿ ನೀರಿನ ತಂಬಿಗೆಯನ್ನು ಎರಡೂ ಪಾದಗಳ ನಡುವೆ ಒತ್ತಿ ಹಿಡಿದಿದ್ದಳು. ಕವಠೆ ಮಹಾಂಕಾಳ ದಾಟುವಷ್ಟರಲ್ಲಿ ಎದುರಿನ ವಾರಕರಿಗಳ ಮನೆತನ, ಮಕ್ಕಳು, ಹೊಲ, ಸಾಲ ಎಲ್ಲ ಅವಳಿಗೆ ಗೊತ್ತಾಗಿತ್ತು. ಸಾಂಗೋಲಾದಲ್ಲಿ ಅವರ ಬುತ್ತಿಯ ರೊಟ್ಟಿ ನಮ್ಮ ಕೈಯಲ್ಲಿತ್ತು. ಈ ಶತಮಾನ ಶುರುವಾದ ಮೇಲೆ ಆ ಹಳಿ ಅಗಲವಾಯಿತು. ಅಗಲವಾಗಲೇಬೇಕಿತ್ತು, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಹತ್ತು ಮೈಲಿಯಷ್ಟಾದರೂ ಹಳೇ ಹಳಿ ಉಳಿಸಿ, ಆಷಾಢ–ಕಾರ್ತಿಕ ಏಕಾದಶಿಗೆ ಒಂದು ಸಣ್ಣ ಗಾಡಿ ಓಡಿಸಿದ್ದರೆ ಏನು ಕಳೆದುಕೊಳ್ಳುತ್ತಿದ್ದೆವು? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಅಲಿಶಾನ್ ಬಗ್ಗೆ ಲೇಖನ ಬಂದಾಗ ಎಂಟು ಪುಟ ಕೊಟ್ಟಿದ್ದು ಬೇಕೆಂದೇ.

ಆ ಗಾಡಿ ಆಟದ್ದು ಹೌದೋ ಅಲ್ಲವೋ ನೀವೇ ನೋಡಿ. ಕೆಳಗೆ ಚಿಯಾಯಿ ಪಟ್ಟಣ, ಸಮುದ್ರ ಮಟ್ಟದಿಂದ ಬರೀ 30 ಮೀಟರ್ ಎತ್ತರ. ಮೇಲೆ ಅಲಿಶಾನ್ ಸ್ಟೇಶನ್, 2,216 ಮೀಟರ್. ನಡುವೆ 71 ಕಿಲೋಮೀಟರ್ ಹಳಿ. ಜಪಾನಿಯರ ಆಳ್ವಿಕೆಯಲ್ಲಿ 1906ರಲ್ಲಿ ಕೆಲಸ ಶುರುವಾಗಿ, 1912ರಲ್ಲಿ ಗಾಡಿ ಓಡಲಿಕ್ಕೆ ಹತ್ತಿತು. ದುಲಿಶಾನ್ ಎಂಬಲ್ಲಿ ಹಳಿ ಒಂದೇ ಗುಡ್ಡವನ್ನು ಸುತ್ತಿ ಸುತ್ತಿ ಏರುತ್ತದೆ. ಕೆಳಗೆ ಬಿಟ್ಟುಬಂದ ಸ್ಟೇಶನ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ, ಪ್ರತಿ ಸಲವೂ ಇನ್ನಷ್ಟು ಸಣ್ಣದಾಗಿ. ಇನ್ನೂ ಮೇಲೆ ಸುತ್ತಲಿಕ್ಕೂ ಜಾಗ ಇಲ್ಲ. ಅಲ್ಲಿ ಗಾಡಿ ಗುಡ್ಡಕ್ಕೆ ಮುಖ ಕೊಟ್ಟು ನಿಲ್ಲುತ್ತದೆ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಪಾಯಿಂಟ್ಸ್ ಬದಲಿಸುತ್ತಾರೆ. ಗಾಡಿ ಹಿಮ್ಮುಖವಾಗಿ ಏರುತ್ತದೆ, ಮತ್ತೆ ನಿಂತು ಮುಮ್ಮುಖವಾಗುತ್ತದೆ. ಹೀಗೆ ಝಡ್ ಅಕ್ಷರ ಬರೆದಂತೆ ಹತ್ತುತ್ತದೆ. ಇಂಜಿನ್ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತದೆ. ಡಬ್ಬಿ ಕಳಚಿಕೊಂಡರೂ ಕೆಳಗೆ ಓಡಿಹೋಗಬಾರದಲ್ಲ, ಅದಕ್ಕೆ.

ಹಳಿ ಇಷ್ಟು ಕಿರಿದಾಗಿದ್ದಕ್ಕೂ ಈ ಕಡಿದಾದ ಬೆಟ್ಟವೇ ಕಾರಣ. ಕಿರಿದಾದ ಹಳಿ ಬಿಗಿ ತಿರುವು ತೆಗೆದುಕೊಳ್ಳುತ್ತದೆ. ಗುಡ್ಡ ಕಡಿಯುವ ಕೆಲಸ ಕಮ್ಮಿ. ಸುರಂಗ, ಸೇತುವೆ ಎಲ್ಲ ಸಣ್ಣದು, ಖರ್ಚೂ ಕಮ್ಮಿ. ಆ ಏರಿಗೆ ಅಮೆರಿಕದ ಓಹಾಯೋದಿಂದ ಶೇ ಎಂಬ ಇಂಜಿನ್ ತರಿಸಿದರು. ಎಫ್ರೈಮ್ ಶೇ ಎಂಬ ನಾಟಾ ವ್ಯಾಪಾರಿಯ ತಲೆಯಿಂದ ಹುಟ್ಟಿದ ಇಂಜಿನ್ ಅದು, ಪೇಟೆಂಟ್ ಸಿಕ್ಕಿದ್ದು 1881ರಲ್ಲಿ. ಸಿಲಿಂಡರುಗಳು ಬಲಗಡೆ ನೆಟ್ಟಗೆ ನಿಂತಿರುತ್ತವೆ. ತೂಕ ಸರಿದೂಗಲಿ ಅಂತ ಬಾಯ್ಲರನ್ನು ಎಡಕ್ಕೆ ಸರಿಸಿ ಕೂಡಿಸಿದ್ದಾರೆ. ಉದ್ದನೆಯ ಶಾಫ್ಟ್, ಹಲ್ಲಿನ ಗಾಲಿಗಳ ಮೂಲಕ ಇಂಜಿನ್ನಿನ ಎಲ್ಲ ಗಾಲಿಗಳನ್ನೂ ತಿರುಗಿಸುತ್ತದೆ. ಓಟ ನಿಧಾನ, ಆದರೆ ಹಿಡಿತ ಗಟ್ಟಿ. ಈಗ ದಿನದ ಗಾಡಿಗಳಿಗೆ ಡೀಸೆಲ್ ಇಂಜಿನ್. ಹಳೇ ಶೇ ಇಂಜಿನ್ನುಗಳನ್ನೂ ದುರಸ್ತಿ ಮಾಡಿ ವಿಶೇಷ ದಿನಗಳಲ್ಲಿ ಉಗಿ ಹಾಕಿ ಓಡಿಸುತ್ತಾರೆ. ನೂರು ವರ್ಷದ ಯಂತ್ರದ ಹಲ್ಲು ಸವೆದರೆ ಹೊಸದು ಮಾಡಿ ಕೂಡಿಸಬಲ್ಲ ಕೈಗಳು ಅಲ್ಲಿ ಇನ್ನೂ ಇವೆ. ಅದು ನನಗೆ ಬೆಟ್ಟದ ಸೂರ್ಯೋದಯಕ್ಕಿಂತ ದೊಡ್ಡ ಸಂಗತಿ.

ಇಂಥ ಕೈಗಳ ಬೆಲೆ ನನಗೆ ತಿಳಿಸಿಕೊಟ್ಟವರು ಲೋಂಡಾದ ಒಬ್ಬ ನಿವೃತ್ತ ಡ್ರೈವರ್. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂ ತನಕದ ಘಾಟಿನಲ್ಲಿ ಮೀಟರ್‌ಗೇಜ್ ಕಾಲದಲ್ಲಿ ಕೆಲಸ ಮಾಡಿದವರು. 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಘಾಟು ಅದು. 'ಗಾಡಿ ಏರಸೂದು ದೊಡ್ಡದಲ್ರೀ ಸಾಹೇಬ್ರ, ಇಳಸೂದು ದೊಡ್ಡದು' ಅಂದಿದ್ದರು. ಮಳೆಗಾಲದಲ್ಲಿ ಹಳಿ ಜಾರುತ್ತದೆ. ಗಾಲಿಯ ಮುಂದೆ ಉಸುಕು ಬಿಡಬೇಕು. ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂಬುದು ಗಾಲಿಯ ಸಪ್ಪಳದಿಂದಲೇ ಗೊತ್ತಾಗಬೇಕಂತೆ. 'ಪುಸ್ತಕದಾಗ ಬರದಿರತೈತ್ರೀ, ಆದ್ರ ಸಪ್ಪಳ ಬರದಿರೂದಿಲ್ಲ' ಅಂದರು. ಅವರು ಹೋದರು. ಸಪ್ಪಳದ ಆ ತಿಳಿವಳಿಕೆಯೂ ಅವರ ಜೊತೆ ಹೋಯಿತು. ಕಲಿಸಲಿಕ್ಕೆ ಅವರ ಎದುರಿಗೆ ಓಡುವ ಗಾಡಿ ಇರಲಿಲ್ಲ.

ಈಗ ನಿಮ್ಮ ಮೊದಲ ಮಾತು. ಕಾಡು.

ನೀವು ಹೇಳಿದ್ದು ನಿಜ. ಅಲಿಶಾನ್ ಸುತ್ತಲಿನ ಬೆಟ್ಟಗಳು ತ್ಸೌ ಎಂಬ ಮೂಲನಿವಾಸಿಗಳ ನೆಲ. ಆ ಸೈಪ್ರೆಸ್ ಮರಗಳು ಜಪಾನಿಗೆ ಹೋದವು. ಕಡಿದವರಿಗೇ ಕೊನೆಗೆ ಭಯವೋ ಪಶ್ಚಾತ್ತಾಪವೋ ಹುಟ್ಟಿ, ಮರಗಳ ಆತ್ಮಕ್ಕೆ ಶಾಂತಿ ಸಿಗಲಿ ಅಂತ ಕಾಡಿನೊಳಗೆ ಒಂದು ಸ್ತಂಭ ನಿಲ್ಲಿಸಿದರು. ಇದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಮಾಸ್ತರರೇ, ಆ ಸ್ತಂಭವನ್ನು ಇವತ್ತು ಯಾರು ನೋಡುತ್ತಾರೆ? ಬೆಟ್ಟ ಹತ್ತಿ ಹೋದ ಪ್ರವಾಸಿಗರು. ಪವಿತ್ರ ಮರ ಎಂದು ಹೆಸರಾದ, ಸುಮಾರು 3,000 ವರ್ಷದ್ದು ಎನ್ನುತ್ತಿದ್ದ ಸೈಪ್ರೆಸ್ ಒಂದು ಅದೇ ಹಳಿಯ ಪಕ್ಕದಲ್ಲಿತ್ತು. 1997ರ ಮಳೆಯಲ್ಲಿ ಅದರ ಅರ್ಧ ಬಿತ್ತು. 1998ರಲ್ಲಿ ಉಳಿದರ್ಧವನ್ನೂ ನೆಲಕ್ಕೆ ಮಲಗಿಸಿದರು. ಅದನ್ನು ಅಲ್ಲೇ ಹಾಗೇ ಬಿಟ್ಟಿದ್ದಾರೆ. ಗಾಡಿಯಿಂದ ಇಳಿದ ಮಗು ಆ ಮರದ ಮುಂದೆ ನಿಂತು, 'ಇಂಥವು ಉಳಿದವು ಎಲ್ಲಿ ಹೋದವು?' ಅಂತ ಅಪ್ಪನನ್ನು ಕೇಳುತ್ತದೆ ಅಲ್ವಾ? ಹಳಿ ಅಲ್ಲಿದೆ. ಉತ್ತರ ಕಾಲ ಕೆಳಗೇ ಇದೆ. ಹಳಿ ಕಿತ್ತರೆ ಕಡಿದ ಪಾಪ ಹೋಗುವುದಿಲ್ಲ, ಕಡಿದದ್ದರ ಗುರುತು ಮಾತ್ರ ಹೋಗುತ್ತದೆ.

ನಮ್ಮಲ್ಲಿ ಆದದ್ದು ಅದೇ. ಕೇರಳದ ಪರಂಬಿಕುಳಂ ಕಾಡಿನಿಂದ ಚಾಲಕುಡಿಗೆ ತೇಗ ಸಾಗಿಸಲಿಕ್ಕೆ ಕೊಚ್ಚಿ ಸಂಸ್ಥಾನದವರು ಟ್ರಾಮ್‌ವೇ ಕಟ್ಟಿಸಿದ್ದರು. 1907ರಲ್ಲಿ ಶುರುವಾಗಿದ್ದು, ಸುಮಾರು 80 ಕಿಲೋಮೀಟರ್. ಕಡಿದಾದ ಇಳಿಜಾರುಗಳಲ್ಲಿ ಇಂಜಿನ್ನೇ ಬೇಕಿರಲಿಲ್ಲ. ದಿಮ್ಮಿ ತುಂಬಿದ ವ್ಯಾಗನ್ ಹಗ್ಗ ಕಟ್ಟಿಕೊಂಡು ಕೆಳಗೆ ಇಳಿಯುವಾಗ, ಖಾಲಿ ವ್ಯಾಗನ್ನನ್ನು ಮೇಲಕ್ಕೆ ಎಳೆಯುತ್ತಿತ್ತು. ನಮ್ಮ ಬಾವಿಯಲ್ಲಿ ಒಂದು ಕೊಡ ಇಳಿದರೆ ಇನ್ನೊಂದು ಏರುವ ಹಾಗೆ. ಇಷ್ಟು ಜಾಣತನದ ಹಳಿಯನ್ನು 1963ರಲ್ಲಿ ಮುಚ್ಚಿದರು. ಮರಗಳೂ ಹೋದವು, ಗಾಡಿಯೂ ಹೋಯಿತು. ನಮ್ಮ ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಎರಡು ಅಡಿ ಅಗಲದ ಹಳಿ ಇತ್ತು ಅಂದರೆ ಎಷ್ಟು ಕನ್ನಡದ ಮಕ್ಕಳು ನಂಬುತ್ತಾರೆ?

ನಮ್ಮ ಪದ್ಧತಿಯೇ ಬೇರೆ. ಒಂದು ಹಳೇ ಇಂಜಿನ್ನಿಗೆ ಕಪ್ಪು–ಕೆಂಪು ಬಣ್ಣ ಹೊಡೆದು, ಸ್ಟೇಶನ್ನಿನ ಮುಂದೆ ಕಟ್ಟೆ ಕಟ್ಟಿ ನಿಲ್ಲಿಸುತ್ತೇವೆ. ಅಲ್ಲಿಗೆ ಪರಂಪರೆ ಮುಗಿಯಿತು. ಅದರ ಪಿಸ್ಟನ್ ಯಾವತ್ತೂ ಅಲುಗಾಡುವುದಿಲ್ಲ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಐಸ್‌ಕ್ರೀಮ್ ತಿನ್ನಲು ಹೋಗುತ್ತಾರೆ. ಮಕ್ಕಳದೇನು ತಪ್ಪು? ಸುಮ್ನೆ ನಿಂತ ಕಬ್ಬಿಣ ಯಾರಿಗೂ ಏನೂ ಹೇಳುವುದಿಲ್ಲ. ಮ್ಯೂಸಿಯಮ್ಮಿನಲ್ಲಿ ಇಟ್ಟ ವೀಣೆ ಬೇರೆ, ನುಡಿಸುವ ವೀಣೆ ಬೇರೆ.

ಪ್ರವಾಸಿಗರ ಮೇಲೆ ನಿಮಗೆ ಸಿಟ್ಟಿದೆ. ನನಗೆ ಇಲ್ಲ. 1982ರಲ್ಲಿ ಅಲಿಶಾನ್‌ಗೆ ಹೆದ್ದಾರಿ ಬಂತು. ಬಸ್ಸು ಬೇಗ ಹೋಗುತ್ತದೆ, ಜನ ಬಸ್ಸು ಹತ್ತಿದರು. ಅವತ್ತೇ ಆ ಹಳಿ ಗುಜರಿಗೆ ಹೋಗಬೇಕಿತ್ತು. ಉಳಿಸಿದವರು ಯಾರು? ಬೇಗ ಮುಟ್ಟಬೇಕಿಲ್ಲ, ನಿಧಾನಕ್ಕೆ ನೋಡುತ್ತ ಹೋಗಬೇಕು ಅಂತ ಬಂದ ಅದೇ ಪ್ರವಾಸಿಗರು. 2009ರ ಆಗಸ್ಟಿನಲ್ಲಿ ಮೊರಾಕಾಟ್ ಚಂಡಮಾರುತ ಬಂದು ಬೆಟ್ಟವೇ ಕುಸಿಯಿತು. ಹಳಿ ತುಂಡು ತುಂಡಾಯಿತು. ಹೊಸ ಸುರಂಗ ಕೊರೆದು, ಕೆಳಗಿನಿಂದ ಮೇಲಿನವರೆಗೆ ಪೂರ್ತಿ ಹಳಿಯ ಮೇಲೆ ಗಾಡಿ ಮತ್ತೆ ಓಡಿದ್ದು 2024ರ ಜುಲೈಯಲ್ಲಿ. ಹದಿನೈದು ವರ್ಷ! ಲಾಭದ ಲೆಕ್ಕ ಹಿಡಿದರೆ ಯಾರಾದರೂ ಹದಿನೈದು ವರ್ಷ ದುರಸ್ತಿ ಮಾಡುತ್ತಾರೆಯೇ? ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮ ಪಕ್ಕದ ಮಹಾರಾಷ್ಟ್ರದ ಮಾಥೇರಾನ್ ಬೆಟ್ಟದ ಸಣ್ಣ ಗಾಡಿಯೂ 2019ರ ಮಳೆಗೆ ಹಳಿ ಕೊಚ್ಚಿಹೋಗಿ ನಿಂತಿತ್ತು. 2022ರಲ್ಲಿ ಮತ್ತೆ ನೇರಳ್‌ನಿಂದ ಹತ್ತಿತು. ಮಾಡಬೇಕು ಅಂದರೆ ನಮಗೂ ಆಗುತ್ತದೆ.

ದಾರಿಯಲ್ಲಿ ಫೆನ್‌ಚಿಹು ಎಂಬ ಸ್ಟೇಶನ್ ಇದೆ, ಸುಮಾರು 1,400 ಮೀಟರ್ ಎತ್ತರದಲ್ಲಿ. ಉಗಿ ಇಂಜಿನ್ನಿನ ಕಾಲದಲ್ಲಿ ಮೇಲಿನ ಗಾಡಿ, ಕೆಳಗಿನ ಗಾಡಿ ಎರಡೂ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನಿಲ್ಲುತ್ತಿದ್ದವು. ಇಂಜಿನ್ ನೀರು ಕುಡಿಯುವಾಗ ಜನ ಬುತ್ತಿ ಕೊಂಡು ಉಣ್ಣುತ್ತಿದ್ದರು. ಆ ಊರಿನ ಬುತ್ತಿ ಇವತ್ತಿಗೂ ಹೆಸರುವಾಸಿ. ಊರಿನ ಒಲೆಗಳು ಗಾಡಿಯಿಂದ ಉರಿಯುತ್ತಿವೆ. ರುಮೇನಿಯಾದ ವಾಸೆರ್ ಕಣಿವೆಯಲ್ಲಿ 760 ಮಿಲಿಮೀಟರ್ ಹಳಿ ಇದೆ, 1930ರ ದಶಕದ್ದು. ಅಲ್ಲಿ ಈಗಲೂ ಅದೇ ಹಳಿಯ ಮೇಲೆ ದಿಮ್ಮಿ ಗಾಡಿಯೂ ಹೋಗುತ್ತದೆ, ಪ್ರವಾಸಿಗರ ಉಗಿ ಗಾಡಿಯೂ ಹೋಗುತ್ತದೆ.

ಈಗ ನಮ್ಮ ದೂಧಸಾಗರಕ್ಕೆ ಬನ್ನಿ. ಮಳೆಗಾಲದ ಭಾನುವಾರ ಸಾವಿರಾರು ಹುಡುಗರು ಕ್ಯಾಸಲ್‌ರಾಕ್ ಕಡೆಯಿಂದ ಹಳಿ ಹಿಡಿದು ನಡೆಯುತ್ತಾರೆ. ಸುರಂಗದೊಳಗೆ ಗಾಡಿ ಬಂದರೆ ಸರಿಯಲಿಕ್ಕೆ ಜಾಗ ಇರುವುದಿಲ್ಲ. ರೈಲ್ವೆಯವರು ಹಳಿ ಮೇಲೆ ನಡೆಯಬೇಡಿ ಅಂತ ಎಷ್ಟೋ ಸಲ ಹೇಳಿದ್ದಾರೆ. ಹುಡುಗರು ಕೇಳುವುದಿಲ್ಲ. ಬೆಳಗಾವಿಯಿಂದ ಬೆಳಿಗ್ಗೆ ಹೊರಡುವ, ದೊಡ್ಡ ಕಿಟಕಿಯ, ನಿಧಾನದ ಒಂದು ಗಾಡಿ ಮಳೆಗಾಲದ ಮೂರು ತಿಂಗಳಾದರೂ ಇರಲಿ ನೋಡೋಣ. ಅಲಿಶಾನ್ ಗಾಡಿಯಲ್ಲಿ ಬಾಳೆ–ಬಿದಿರಿನಿಂದ ಶುರುವಾಗಿ ಸೈಪ್ರೆಸ್ ತನಕ ಮೂರು ಹವೆಯ ಗಿಡಮರ ನೋಡಬಹುದು ಎನ್ನುತ್ತಾರೆ. ನಮ್ಮದೇನು ಕಮ್ಮಿ? ಕುಡಚಿಯ ಕಬ್ಬಿನ ಹೊಲದಲ್ಲಿ ಕೂತು, ಖಾನಾಪುರದ ಭತ್ತದ ಗದ್ದೆ ದಾಟಿ, ಲೋಂಡಾದ ಕಾಡು ಹೊಕ್ಕು, ಕ್ಯಾಸಲ್‌ರಾಕ್‌ನ ಮಂಜಿನಲ್ಲಿ ಇಳಿಯಬಹುದು. ವಂದೇ ಭಾರತ್ ಬೆಳಗಾವಿಯ ಮೇಲೆ ಪುಣೆಗೆ ಓಡುತ್ತಿದೆ, ನನಗೆ ಅದರ ಖುಷಿಯೂ ಇದೆ. ಆದರೆ ಎಲ್ಲ ಗಾಡಿಯೂ ಬೇಗ ಮುಟ್ಟಲಿಕ್ಕೇ ಇರಬೇಕೇ?

ಅಳ್ನಾವರದಿಂದ ದಾಂಡೇಲಿಯ ಹಳಿ ಇನ್ನೂ ಇದೆ. ನಾಟಾಕ್ಕಾಗಿಯೇ ಹುಟ್ಟಿದ ಹಳಿ ಅದು. 2019ರಲ್ಲಿ ದಾಂಡೇಲಿ ಪಕ್ಕದ ಅಂಬೇವಾಡಿಯ ತನಕ ಪ್ಯಾಸೆಂಜರ್ ಗಾಡಿ ಮತ್ತೆ ಶುರುವಾದಾಗ ಜನ ತೆಂಗಿನಕಾಯಿ ಹಿಡಿದು ನಿಂತಿದ್ದರು. ಅಗಲ ಬದಲಾಗಿದೆ, ದಾರಿ ಅದೇ. ನಿಮ್ಮ ಅಜ್ಜ ಹೊತ್ತ ದಿಮ್ಮಿಗಳು ಹೋದದ್ದು ಅದೇ ದಾರಿಯಲ್ಲಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಆ ಒಂದು ಸಾಲು. ಅದನ್ನು ನೀವು ಕೊನೆಗೆ, ಹೇಳಲೋ ಬೇಡವೋ ಎನ್ನುವ ಹಾಗೆ ಬರೆದಿದ್ದೀರಿ. ತಪ್ಪು ಮಾಡಿದಿರಿ, ಅದನ್ನೇ ಮೊದಲು ಬರೆಯಬೇಕಿತ್ತು. ಯಾವ ಬರಗಾಲ? ಜಮಖಂಡಿಯಿಂದ ದಾಂಡೇಲಿಗೆ ಹೇಗೆ ಹೋದರು? ಎಷ್ಟು ಮಂದಿ ಸೇರಿ ಒಂದು ದಿಮ್ಮಿ ಎತ್ತುತ್ತಿದ್ದರು, ಎತ್ತುವಾಗ ಏನು ಕೂಗುತ್ತಿದ್ದರು? ಕೂಲಿ ಎಷ್ಟು? ಗಾಡಿ ತುಂಬಿ ಹೊರಟ ಮೇಲೆ ಏನು ಉಣ್ಣುತ್ತಿದ್ದರು? ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರನ್ನೆಲ್ಲ ಕೇಳಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಖಾಲಿ ಇಟ್ಟಿರುತ್ತೇನೆ. 20ನೇ ತಾರೀಕಿನೊಳಗೆ ಮುಟ್ಟಿದರೆ ಸಾಕು.