ಆ ಎರಡು ನೋಟುಗಳು ಇನ್ನೂ ಡ್ರಾಯರಿನಲ್ಲೇ ಇವೆಯೇ?

ನೀವು ಕೇಳಿರುವುದು, ಐದು ಸಾವಿರ ರೂಪಾಯಿಯೊಳಗೆ ಖೋಟಾ ನೋಟು ಹಿಡಿಯುವ ಯಾವ ಯಂತ್ರ ತರಲಿ ಎಂದು. ನನ್ನ ಕಣ್ಣು ನಿಂತದ್ದು ಅದಕ್ಕೆ ಮೊದಲು ನೀವು ಮಾತಿಗೆಂಬಂತೆ ಬರೆದ ಸಾಲಿನ ಮೇಲೆ: ಒಂದೇ ತಿಂಗಳಲ್ಲಿ ಐನೂರರ ಎರಡು ಖೋಟಾ ನೋಟು ಬಂದಿವೆ, ಎರಡನ್ನೂ ಡ್ರಾಯರಿನಲ್ಲಿ ಬೇರೆ ಇಟ್ಟಿದ್ದೇನೆ, ಕೊಟ್ಟವರು ಮತ್ತೆ ಬಂದರೆ ಮುಖಕ್ಕೆ ಹಿಡಿಯುತ್ತೇನೆ. ನಾನು ಇಟ್ಟದ್ದು ಏಲಕ್ಕಿ ಡಬ್ಬಿಯಲ್ಲಿ. ಉಳಿದದ್ದೆಲ್ಲ ನಿಮ್ಮದೇ ಕಥೆ.

ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ನಮ್ಮ ದಿನಸಿ ಅಂಗಡಿ ಇದೆ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತೇನೆ. ಮಂಗಳವಾರ ಸಂತೆ. ಸಂತೆಯ ಸಂಜೆ ಆರರಿಂದ ಎಂಟರವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಬೆವರು ಒರೆಸಿಕೊಳ್ಳಲೂ ಪುರುಸೊತ್ತಿರುವುದಿಲ್ಲ. 2018ರ ದಸರಾ ಕಳೆದ ಮೇಲೆ ಅಂಥದೇ ಒಂದು ಸಂಜೆ ಕರೆಂಟು ಹೋಗಿತ್ತು. ಮೊದಲನೆಯ ನೋಟು ಆ ಕತ್ತಲಲ್ಲಿ ಬಂತು. ಬಂದಾಗ ಗೊತ್ತಾಗಲಿಲ್ಲ, ರಾತ್ರಿ ಕಂತೆ ಎಣಿಸುವಾಗ ಹೆಬ್ಬೆರಳು ಜಾರಿತು. ಮಿಕ್ಕ ನೋಟುಗಳು ಒಣಗಿದ ಬಾಳೆಲೆಯ ಹಾಗೆ ಸದ್ದು ಮಾಡುತ್ತಿದ್ದವು, ಇದು ಕ್ಯಾಲೆಂಡರಿನ ಹಾಳೆಯ ಹಾಗೆ ಮೆತ್ತಗೆ ಮಡಚಿಕೊಂಡಿತು. ಬಲಗಡೆಯ ಖಾಲಿ ಜಾಗದಲ್ಲಿ ಗಾಂಧಿಯ ಮುಖ ದೀಪಕ್ಕೆ ಹಿಡಿಯುವ ಮುಂಚೆಯೇ ಕಾಣುತ್ತಿತ್ತು. ನಿಜವಾದ ನೋಟಿನಲ್ಲಿ ಆ ನೀರುಗುರುತು ಕಾಗದದ ಒಳಗಿನದು. ಕಾಗದ ತಯಾರಾಗುವಾಗಲೇ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಮೂಡಿದ ಮುಖ ಅದು, ಬೆಳಕಿಗೆ ಹಿಡಿದಾಗ ಅದಕ್ಕೆ ಜೀವ ಬರುತ್ತದೆ. ಇಲ್ಲಿ ಯಾರೋ ಬೂದು ಶಾಯಿಯಲ್ಲಿ ಒಂದು ಮುಖವನ್ನು ಮೇಲೆ ಒತ್ತಿದ್ದರು. ಹಿಂಬದಿಯಲ್ಲಿ ಭಾಷೆಗಳ ಪಟ್ಟಿಯಿದೆಯಲ್ಲ, ಅದರಲ್ಲಿ ಕನ್ನಡ ನಾಲ್ಕನೆಯ ಸಾಲು. 'ಐನೂರು' ಎಂಬಲ್ಲಿ ಅಕ್ಷರದ ಹೊಟ್ಟೆಯೊಳಗೆ ಮಸಿ ತುಂಬಿಹೋಗಿತ್ತು.

ಖೋಟಾ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಆ ರಾತ್ರಿಯೇ ನನಗೆ ಗೊತ್ತಾಗಿತ್ತು.

ಮರುದಿನ ಬ್ಯಾಂಕಿಗೆ ಕೊಡಬಹುದಿತ್ತು, ಕೊಡಲಿಲ್ಲ. ಏಕೆ ಎಂದು ಈಗ ಕೇಳಿಕೊಂಡರೆ ಮೊದಲು ಬರುವ ಉತ್ತರ ಜಿಪುಣತನ. ಇಪ್ಪತ್ತೈದು ಕಿಲೋ ಅಕ್ಕಿ ಚೀಲ ಮಾರಿದರೆ ನನಗೆ ಉಳಿಯುತ್ತಿದ್ದದ್ದು ಮೂವತ್ತೈದೋ ನಲವತ್ತೋ ರೂಪಾಯಿ. ಆ ಲೆಕ್ಕದಲ್ಲಿ ಐನೂರು ಎಂದರೆ ಹದಿಮೂರು ಚೀಲ ಹೊತ್ತು ಇಳಿಸಿದ ಬೆವರು. ಬ್ಯಾಂಕಿನವರು ಅದನ್ನು ಕಿತ್ತುಕೊಂಡು ಕಳಿಸುತ್ತಾರೆ, ಒಂದು ಪೈಸೆ ಕೊಡುವುದಿಲ್ಲ ಎಂದು ಕೇಳಿದ್ದೆ, ಅದು ನಿಜವೇ. ಇನ್ನೊಂದು, ಅಪ್ಪನ ಭಯ. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಒಂದು ಖೋಟಾ ನೋಟನ್ನೂ ತೆಗೆದುಕೊಂಡಿಲ್ಲ ಎಂಬುದು ಅವರ ಹೆಗ್ಗಳಿಕೆ. ಕೊನೆಯದು ನೀವು ಬರೆದದ್ದೇ: ಕೊಟ್ಟವನು ಮುಂದಿನ ಸಂತೆಗೆ ಬಂದೇ ಬರುತ್ತಾನೆ, ಆಗ ನೋಡಿಕೊಳ್ಳೋಣ. ಯಾರೂ ಬರುವುದಿಲ್ಲ. ಬಂದರೂ ಅವನೇ ಎಂದು ಹೇಗೆ ಹೇಳುತ್ತೀರಿ? ಅವನಿಗೂ ಯಾರೋ ಸಂತೆಯಲ್ಲಿ ಕುರಿ ಕೊಂಡು ಕೊಟ್ಟದ್ದಿರಬಹುದು.

ನವೆಂಬರಿನಲ್ಲಿ ಇನ್ನೊಂದು ಬಂತು. ಜನವರಿಯಲ್ಲಿ ಸಂಕ್ರಾಂತಿಯ ಹಿಂದುಮುಂದು ಎರಡು ಒಟ್ಟಿಗೆ ಬಂದವು. ಆ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ; ಎರಡಕ್ಕೂ ಒಂದೇ ಕ್ರಮಸಂಖ್ಯೆ. ಪಕ್ಕದ ಬಟ್ಟೆ ಅಂಗಡಿಯವರು, ನಮ್ಮ ಹಿತಚಿಂತಕರೇ, 'ಜಾತ್ರೆ ಬರುತ್ತಿದೆ, ಹುಂಡಿಗೆ ಹಾಕಿಬಿಡಿ, ದೇವರಿಗೆ ಖೋಟಾ ಅಸಲಿ ಎಂಬ ಭೇದವಿಲ್ಲ' ಎಂದರು. ನನ್ನ ಅಂಗಡಿಯ ಹುಡುಗ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಹೊತ್ತು ಸಾಗುತ್ತದೆ ಎಂದ. ಎರಡನ್ನೂ ಮಾಡಲಿಲ್ಲ. ಮಾಡದಿದ್ದದ್ದಕ್ಕೆ ನಾನು ದೊಡ್ಡ ಸತ್ಯವಂತ ಎಂದುಕೊಂಡು ನಾಲ್ಕನ್ನೂ ಡಬ್ಬಿಯಲ್ಲಿ ಇಟ್ಟುಕೊಂಡೇ ಇದ್ದೆನಲ್ಲ, ಅದೇ ನನ್ನ ದಡ್ಡತನ.

ಫೆಬ್ರವರಿಯ ಒಂದು ಬೆಳಿಗ್ಗೆ ಸಗಟು ವ್ಯಾಪಾರಿಗೆ ಕಟ್ಟಬೇಕಾದ ತೊಂಬತ್ತು ಸಾವಿರವನ್ನು ಖಾತೆಗೆ ತುಂಬಲು ಹೊರಟಾಗ, ಹೋಗುತ್ತಲೇ ಇದ್ದೇನೆ, ಆ ದರಿದ್ರವನ್ನೂ ಕಳೆದು ಬರೋಣ ಎನಿಸಿತು. ಡಬ್ಬಿ ಬಗ್ಗಿಸಿ ನಾಲ್ಕನ್ನೂ ಕಾಗದದಲ್ಲಿ ಸುತ್ತಿದೆ. ಕೌಂಟರಿನಲ್ಲಿ ಚಲನ್ ಜೊತೆ ಕಂತೆ ಕೊಟ್ಟೆ, ಪಕ್ಕದಲ್ಲಿ ಪೊಟ್ಟಣ ಇಟ್ಟೆ, 'ಇವು ಖೋಟಾ, ನನಗೆ ದುಡ್ಡು ಬೇಡ, ನೀವೇ ಇಟ್ಟುಕೊಳ್ಳಿ' ಎಂದೆ. ಕ್ಯಾಷಿಯರ್ ಹೆಣ್ಣುಮಗಳು ಒಳ್ಳೆಯವರು, ಕೂರಲು ಹೇಳಿ ಕಂತೆಯನ್ನು ಯಂತ್ರಕ್ಕೆ ಹಾಕಿದರು. ಯಂತ್ರ ಗರಗರ ತಿರುಗಿ ನಡುವೆ ಕುಂಯ್ ಎಂದು ನಿಂತಿತು. ಒಂದು ನೋಟನ್ನು ಎಳೆದು, ಓರೆ ಮಾಡಿ, ಬೆಳಕಿಗೆ ಹಿಡಿದು, ಆಮೇಲೆ ಪೊಟ್ಟಣದ ಕಡೆ ನೋಡಿದರು. 'ಇದೂ ಸೇರಿ ಐದಾಯಿತು' ಎಂದರು.

ಐದಾದರೆ ಏನು ಎಂದು ನನಗೆ ಗೊತ್ತಿರಲಿಲ್ಲ. ರಿಸರ್ವ್ ಬ್ಯಾಂಕಿನ ನಿರ್ದೇಶನ ಹೀಗಿದೆ: ಖೋಟಾ ಎಂದು ಕಂಡ ನೋಟನ್ನು ಬ್ಯಾಂಕು ತಂದವರಿಗೆ ಮರಳಿಸುವಂತಿಲ್ಲ, ಹರಿದು ಎಸೆಯುವಂತೆಯೂ ಇಲ್ಲ. ಮುದ್ರೆ ಒತ್ತಿ ವಶಕ್ಕೆ ತೆಗೆದುಕೊಂಡು ರಸೀದಿ ಕೊಡಬೇಕು. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಒಟ್ಟು ವರದಿಯಲ್ಲಿ ಸೇರಿಸಿ ಪೊಲೀಸರಿಗೆ ತಿಳಿಸುತ್ತಾರೆ. ಐದು ಅಥವಾ ಅದಕ್ಕಿಂತ ಹೆಚ್ಚಾದರೆ ಎಫ್‌ಐಆರ್. ಇದನ್ನು ಓದಿ ನಾಲ್ಕು ನಾಲ್ಕಾಗಿ ಕೊಡುವ ಲೆಕ್ಕ ಹಾಕಬೇಡಿ. ಅಂಥ ಲೆಕ್ಕ ಹಾಕುವಷ್ಟು ನೋಟು ಕೂಡಿಬೀಳಲು ಬಿಟ್ಟದ್ದೇ ನಾನು ಮಾಡಿದ ತಪ್ಪು.

ಠಾಣೆಯಲ್ಲಿ ಯಾರೂ ನನ್ನ ಮೇಲೆ ಕೈ ಮಾಡಲಿಲ್ಲ, ಕೂಗಾಡಲಿಲ್ಲ. ಅಧಿಕಾರಿ ಮೆಲ್ಲಗೆ ಕೇಳಿದ್ದು ಮೂರೇ ಪ್ರಶ್ನೆ. ಮೊದಲನೆಯದು ಯಾವಾಗ ಬಂತು? ಯಾರು ಕೊಟ್ಟರು? ಖೋಟಾ ಎಂದು ಅದೇ ರಾತ್ರಿ ಗೊತ್ತಾಯಿತೆಂದು ನೀವೇ ಹೇಳುತ್ತೀರಿ, ಮತ್ತೆ ನಾಲ್ಕು ತಿಂಗಳು ಏಕೆ ಇಟ್ಟುಕೊಂಡಿರಿ?

ಈ ಮೂರನೆಯ ಪ್ರಶ್ನೆಗೆ ನಿಮ್ಮ ಬಳಿ ಉತ್ತರವಿದೆಯೇ? 'ಕೊಟ್ಟವರು ಬಂದರೆ ಮುಖಕ್ಕೆ ಹಿಡಿಯೋಣವೆಂದು' ಎಂಬುದು ಅಂಗಡಿಯಲ್ಲಿ ಕೂತು ಹೇಳಿದರೆ ಶೌರ್ಯದ ಹಾಗೆ ಕೇಳುತ್ತದೆ. ಠಾಣೆಯ ಬೆಂಚಿನ ಮೇಲೆ ಅದೇ ಮಾತನ್ನು ಹೇಳಿ ನೋಡಿ. ನಾನು ಆ ಬೆಂಚಿನ ಮೇಲೆ ಕೂತ ಕಾಲಕ್ಕೆ ಇದ್ದದ್ದು ಭಾರತೀಯ ದಂಡ ಸಂಹಿತೆಯ 489ಬಿ, 489ಸಿ ಕಲಮುಗಳು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 179, 180. ಖೋಟಾ ಎಂದು ತಿಳಿದೂ ಅಸಲಿಯೆಂದು ಇನ್ನೊಬ್ಬರಿಗೆ ಸಾಗಿಸಿದರೆ ಜೀವಾವಧಿಯವರೆಗೆ ಶಿಕ್ಷೆ ಇದೆ. ಹುಂಡಿ, ಬಂಕು ಎಂದು ಸಲಹೆ ಕೊಡುವವರಿಗೆ ಇದನ್ನು ಓದಿ ಹೇಳಿ. ಸಾಗಿಸುವ ಉದ್ದೇಶದಿಂದ ಇಟ್ಟುಕೊಂಡರೆ ಏಳು ವರ್ಷದವರೆಗೆ. ಉದ್ದೇಶ ನನಗಿರಲಿಲ್ಲ, ನಿಮಗೂ ಇಲ್ಲ. ಆದರೆ ಉದ್ದೇಶ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಈಗಿನ ಕಾನೂನಿನಲ್ಲಿ ನೋಟು ನ್ಯಾಯವಾದ ಮೂಲದಿಂದ ಬಂತೆಂದು ತೋರಿಸಿದರೆ ಇಟ್ಟುಕೊಂಡದ್ದು ಅಪರಾಧವಲ್ಲ ಎಂಬ ವಿವರಣೆಯಿದೆ. ತೋರಿಸಬೇಕಾದವರು ನೀವು. ತೋರಿಸುವುದಕ್ಕೆ ನೆನಪು ಬೇಕು.

ನನ್ನ ತಪ್ಪು ಕೊಂದದ್ದು ಆ ನೆನಪನ್ನೇ. ಮೊದಲ ರಾತ್ರಿ ಎಲ್ಲ ಹಸಿಯಾಗಿತ್ತು: ಕರೆಂಟು ಹೋದಾಗ ಐನೂರು ಕೊಟ್ಟವರು ಮೂವರು, ಒಬ್ಬ ಎರಡು ಲೀಟರ್ ಎಣ್ಣೆ ಕೊಂಡು ಚಿಲ್ಲರೆಗೆ ಅವಸರ ಮಾಡಿದ, ಹೆಗಲ ಮೇಲೆ ಹಸಿರು ಟವೆಲ್ ಇತ್ತು, ಪಕ್ಕದ ಊರಿನ ಮಾತಿನ ಧಾಟಿ. ಮರುದಿನ ಹತ್ತು ಗಂಟೆಗೆ ಇಷ್ಟನ್ನು ಹೇಳಿದ್ದರೆ ನಾನು ಮಾಹಿತಿ ಕೊಟ್ಟವನಾಗುತ್ತಿದ್ದೆ. ಫೆಬ್ರವರಿಯ ಹೊತ್ತಿಗೆ ಹಸಿರು ಟವೆಲ್ ಮೊದಲನೆಯ ನೋಟಿನವನದೋ ನವೆಂಬರಿನವನದೋ ನನಗೇ ಖಚಿತವಿರಲಿಲ್ಲ. ಎರಡು ಬಾರಿ ಎರಡು ಥರ ಹೇಳಿದೆ. ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ಎತ್ತಿ ನನ್ನ ಮುಖ ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಕಳೆದದ್ದು ಐನೂರರ ಐದು ನೋಟು, ಸರಿ. ಅದರ ಮೇಲೆ ವಕೀಲರಿಗೆ ಇಪ್ಪತ್ತೆರಡು ಸಾವಿರ, ಒಂಬತ್ತು ಬಾರಿ ಠಾಣೆಗೆ ಅಲೆದಾಟ, ಅದರಲ್ಲಿ ನಾಲ್ಕು ಬಾರಿ ಮಂಗಳವಾರವೇ. ನೋಟುಗಳ ಪರೀಕ್ಷಾ ವರದಿ ಬಂದು, ಕೊನೆಗೆ ಬಿ ವರದಿ, ಅಂದರೆ ಪ್ರಕರಣ ಮುಗಿಸುವ ಪೊಲೀಸರ ವರದಿ, ಸಲ್ಲಿಕೆಯಾಗುವ ಹೊತ್ತಿಗೆ ಒಂದು ವರ್ಷ ದಾಟಿತ್ತು. ಊರಿನಲ್ಲಿ ನಮ್ಮದಕ್ಕೆ 'ನೋಟಿನ ಅಂಗಡಿ' ಎಂಬ ಹೆಸರು ಬಿತ್ತು. ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ಯಂತ್ರ. ಆ ಬೇಸಿಗೆಯಲ್ಲಿ ನಾನೂ ಒಂದು ತಂದೆ, ನೇರಳೆ ಬೆಳಕಿನ ದೀಪದ ಪೆಟ್ಟಿಗೆ. ಸಾಮಾನ್ಯ ಬಿಳಿ ಹಾಳೆಗೆ ಹೊಳಪಿನ ರಾಸಾಯನಿಕ ಬೆರೆಸಿರುವುದರಿಂದ ಅದು ಆ ಬೆಳಕಿನಲ್ಲಿ ನೀಲಿಯಾಗಿ ಬೆಳಗುತ್ತದೆ. ನೋಟಿನ ಕಾಗದ ಹತ್ತಿಯದು, ಮಂಕಾಗಿಯೇ ಇರುತ್ತದೆ, ಕ್ರಮಸಂಖ್ಯೆ ಮತ್ತು ಸಣ್ಣ ಎಳೆಗಳಂಥವು ಮಿನುಗುತ್ತವೆ. (ಆ ಕಾಗದದ ಒಂದು ಗಿರಣಿ ನಮ್ಮ ಮೈಸೂರಿನಲ್ಲೇ ಇದೆ, ನೋಟು ಅಚ್ಚಾಗುವ ನಾಲ್ಕು ಮುದ್ರಣಾಲಯಗಳಲ್ಲಿ ಒಂದೂ ಅಲ್ಲೇ ಇದೆ.) ತತ್ವ ಸರಿ. ಆದರೆ ಬಟ್ಟೆ ಒಗೆಯುವ ಸೋಪಿನ ಪುಡಿಯಲ್ಲೂ ಅದೇ ಹೊಳಪಿನ ವಸ್ತು ಇರುತ್ತದೆ. ಅಪ್ಪನ ಕಾಲದಿಂದ ನಗದು ಕೊಟ್ಟು ಕೊಳ್ಳುತ್ತಿದ್ದ ಒಬ್ಬ ಹಿರಿಯರ ನೋಟು ನನ್ನ ಪೆಟ್ಟಿಗೆಯಲ್ಲಿ ದೀಪಾವಳಿಯ ಹಾಗೆ ಬೆಳಗಿತು. ಹತ್ತು ಜನರ ಮುಂದೆ ವಾಪಸ್ ಕೊಟ್ಟೆ. ಅಂಗಿಯ ಜೇಬಿನಲ್ಲಿ ಮರೆತು ಸೋಪಿನ ನೀರಲ್ಲಿ ನೆನೆದ ಅಸಲಿ ನೋಟು ಅದು. ಬ್ಯಾಂಕಿನಲ್ಲಿ ತಕರಾರಿಲ್ಲದೆ ತೆಗೆದುಕೊಂಡರಂತೆ. ಆ ಹಿರಿಯರು ಈಗ ಎದುರಿನ ಅಂಗಡಿಗೆ ಹೋಗುತ್ತಾರೆ, ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಮೊಬೈಲ್ ಆ್ಯಪ್ ಬಗ್ಗೆಯೂ ಕೇಳಿದ್ದೀರಿ. ರಿಸರ್ವ್ ಬ್ಯಾಂಕಿನ 'ಮಣಿ' ಆ್ಯಪ್ ಇರುವುದು ದೃಷ್ಟಿ ಇಲ್ಲದವರಿಗೆ ಇದು ಎಷ್ಟರ ನೋಟು ಎಂದು ಹೇಳುವುದಕ್ಕೆ. ಖೋಟಾ ಹಿಡಿಯುವುದು ಅದರ ಕೆಲಸವೇ ಅಲ್ಲ.

ಐನೂರರ ನೋಟಿಗೆ ಕೈಯೇ ಸಾಕು ಎಂಬುದು ನನ್ನ ಹಟ. ತೆಗೆದುಕೊಳ್ಳುವಾಗಲೇ ಒಂದು ಸಲ ಓರೆ ಮಾಡಿ: ನಡುವಿನ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು, ಬಲಗಡೆ ಕೆಳಗಿನ 500 ಕೂಡ. ನನ್ನ ಡಬ್ಬಿಯ ನೋಟುಗಳಲ್ಲಿ ಎಳೆ ಮಿನುಗುತ್ತಿತ್ತು, ಬಣ್ಣ ಮಾತ್ರ ಬದಲಾಗುತ್ತಿರಲಿಲ್ಲ, ಮಿನುಗಿಗೆ ಮರುಳಾಗಬೇಡಿ. ಓರೆ ಮಾಡುತ್ತಲೇ ಹೆಬ್ಬೆರಳ ಉಗುರನ್ನು ಅಂಚಿನಲ್ಲಿ ಎಳೆಯಿರಿ. ಎರಡೂ ಬದಿಯಲ್ಲಿ ಉಬ್ಬಿದ ಐದು ಓರೆಗೆರೆಗಳಿವೆ, ನೂರರ ಹೊಸ ನೋಟಿನಲ್ಲಿ ನಾಲ್ಕು. ಕಣ್ಣಿಲ್ಲದವರಿಗೆಂದು ಮಾಡಿದ್ದು, ಕತ್ತಲಲ್ಲಿ ಕೂತ ಅಂಗಡಿಯವನಿಗೂ ಅದೇ ಗತಿ. ಹಳೆಯ ನೋಟಿನಲ್ಲಿ ಗೆರೆ ಸವೆದಿರುತ್ತದೆ, ಆಗ ಎಳೆಯನ್ನು ನಂಬಿ. ನಾಲ್ಕಾಗಿ ಮಡಚಿ ಕೊಟ್ಟರೆ ಬಿಡಿಸಿಯೇ ತೆಗೆದುಕೊಳ್ಳಿ, ಯಾರು ಬೇಸರಪಟ್ಟರೂ ಸರಿ. ಹಸಿರು ಎಳೆ ಗಾಂಧಿಯ ಹತ್ತಿರ ಇದ್ದರೆ ಖೋಟಾ, ಸಂಖ್ಯೆಯ ನಡುವೆ ನಕ್ಷತ್ರ ಇದ್ದರೆ ಖೋಟಾ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವುದನ್ನೆಲ್ಲ ಅಳಿಸಿಹಾಕಿ. ನಕ್ಷತ್ರದ ನೋಟು ಮುದ್ರಣದಲ್ಲಿ ಕೆಟ್ಟುಹೋದದ್ದರ ಬದಲಿಗೆ ಹಾಕಿದ್ದು, ಅಪ್ಪಟ ಅಸಲಿ.

ಯಂತ್ರ ಬೇಕೇ ಬೇಕೆಂದರೆ ಎಣಿಸುವುದಕ್ಕೆ ತನ್ನಿ, ಬೆನ್ನುನೋವು ಕಡಿಮೆಯಾಗುತ್ತದೆ.

ಅದಕ್ಕೆ ಮೊದಲು ಆ ಎರಡು ನೋಟು. ಇಂದು ರಾತ್ರಿಯೇ ಒಂದು ಹಾಳೆಯಲ್ಲಿ ನೆನಪಿರುವುದನ್ನೆಲ್ಲ ಬರೆಯಿರಿ: ಯಾವ ವಾರ, ಎಷ್ಟು ಹೊತ್ತಿಗೆ, ಏನು ಕೊಂಡರು, ಎಷ್ಟು ಚಿಲ್ಲರೆ ಕೊಟ್ಟಿರಿ. ನೆನಪಿಲ್ಲದ್ದನ್ನು ಊಹಿಸಿ ಬರೆಯಬೇಡಿ. ನಾಳೆ ಬೇರೆ ಯಾವ ಹಣವನ್ನೂ ಒಯ್ಯದೆ ಅವೆರಡನ್ನೇ ಬ್ಯಾಂಕಿಗೆ ಕೊಂಡೊಯ್ದು, ಇವುಗಳ ಮೇಲೆ ಅನುಮಾನವಿದೆ ಎಂದು ನೀವೇ ಮೊದಲು ಹೇಳಿ. ಸಾವಿರ ರೂಪಾಯಿ ಹೋಯಿತು, ಅದರ ಆಸೆ ಬಿಡಿ. 'ಮನೆಗೆ ಒಯ್ದು ಸುಟ್ಟುಬಿಡಿ' ಎಂದು ಯಾರಾದರೂ ಕೈಗೆ ವಾಪಸ್ ಕೊಡಲು ಬಂದರೆ ತೆಗೆದುಕೊಳ್ಳಬೇಡಿ, ವ್ಯವಸ್ಥಾಪಕರನ್ನು ಕರೆಸಿ. ರಸೀದಿ ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ. ಅದರ ಮೇಲೆ ಕ್ಯಾಷಿಯರ್ ಸಹಿಯ ಜೊತೆ ನಿಮ್ಮ ಸಹಿಯನ್ನೂ ಕೇಳುತ್ತಾರೆ, ಹೆದರದೆ ಹಾಕಿ.