ಕಿಟಕಿ ಕೇಳಿದರೆ ಅಟ್ಟ ಮುಚ್ಚುತ್ತಾರೆ: ಅಮೆರಿಕದ ವೆದರೈಜೇಷನ್ ನೆರವಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಿಶಿಗನ್‌ನಲ್ಲಿ ಹಳೆಯ ಮನೆ, ಕಡಿಮೆ ಆದಾಯ. ಚಳಿಗಾಲದ ಗ್ಯಾಸ್ ಬಿಲ್ ತಡೆಯಲಾಗುತ್ತಿಲ್ಲ. ಮನೆಯನ್ನು ಬೆಚ್ಚಗೆ ಮಾಡಿಕೊಡುವ ಸರ್ಕಾರಿ ಯೋಜನೆ ಯಾರಿಗೆ ಸಿಗುತ್ತದೆ, ಎಲ್ಲಿ ಕೇಳಬೇಕು?

ನೀವು ಹೇಳುತ್ತಿರುವುದು ವೆದರೈಜೇಷನ್ ಅಸಿಸ್ಟೆನ್ಸ್ ಪ್ರೋಗ್ರಾಂ. 1976ರ ಕಾಯ್ದೆಯಿಂದ ಹುಟ್ಟಿದ್ದು. ಹಣ ಕೊಡುವುದು ಫೆಡರಲ್ ಇಂಧನ ಇಲಾಖೆ, ಹಂಚುವುದು ರಾಜ್ಯ, ಮನೆಗೆ ಬಂದು ಕೆಲಸ ಮಾಡಿಸುವುದು ಸ್ಥಳೀಯ ಸಂಸ್ಥೆ. ಹೆಚ್ಚಿನ ಕಡೆ ಅದು ಕಮ್ಯುನಿಟಿ ಆ್ಯಕ್ಷನ್ ಏಜೆನ್ಸಿ. 211 ಎಂಬ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಕೌಂಟಿಯ ಏಜೆನ್ಸಿ ಯಾವುದೆಂದು ತಿಳಿಸುತ್ತಾರೆ.

ಕುಟುಂಬದ ಆದಾಯ ಫೆಡರಲ್ ಬಡತನ ರೇಖೆಯ 200 ಶೇಕಡದೊಳಗಿರಬೇಕು. 2025ರ ಮಾರ್ಗಸೂಚಿಯಲ್ಲಿ ನಾಲ್ವರ ಕುಟುಂಬಕ್ಕೆ ಆ ರೇಖೆ 32,150 ಡಾಲರ್ ಇತ್ತು, ಅಂದರೆ ಮಿತಿ 64,300 (ಅಲಾಸ್ಕಾ, ಹವಾಯಿಗೆ ಬೇರೆ ಅಂಕಿ). ನೋಡುವುದು ತೆರಿಗೆ ಕಳೆಯುವ ಮುಂಚಿನ ಆದಾಯ. ‘ನಾವು ಅಷ್ಟು ಬಡವರಲ್ಲ’ ಎಂದು ಅರ್ಜಿಯನ್ನೇ ಹಾಕದವರಲ್ಲಿ ಎಷ್ಟೋ ಮಂದಿ ಈ ಮಿತಿಯೊಳಗೇ ಇರುತ್ತಾರೆ. ಮನೆಯಲ್ಲಿ ಯಾರಿಗಾದರೂ ಎಸ್‌ಎಸ್‌ಐ (ಕಡಿಮೆ ಆದಾಯದ ವೃದ್ಧರಿಗೆ, ಅಂಗವಿಕಲರಿಗೆ ಫೆಡರಲ್ ಸರ್ಕಾರ ಕೊಡುವ ಮಾಸಿಕ ನೆರವು) ಬರುತ್ತಿದ್ದರೆ ಆದಾಯದ ಅರ್ಹತೆ ತಾನಾಗಿಯೇ ಸಿಗುತ್ತದೆ. 60 ದಾಟಿದವರು, ಅಂಗವಿಕಲರು, ಮಕ್ಕಳಿರುವ ಮನೆ, ಆದಾಯಕ್ಕೆ ಹೋಲಿಸಿದರೆ ಇಂಧನ ಬಿಲ್ ಭಾರವಾಗಿರುವ ಮನೆಗಳಿಗೆ ಆದ್ಯತೆ. ಸರದಿ ಉದ್ದವಿರುತ್ತದೆ, ಚಳಿ ಶುರುವಾದ ಮೇಲೆ ಓಡುವುದಕ್ಕಿಂತ ವಸಂತದಲ್ಲೇ ಅರ್ಜಿ ಕೊಡುವುದು ಜಾಣತನ. ಆದಾಯದ ದಾಖಲೆ, ಗುರುತಿನ ಚೀಟಿ, ಮನೆಯ ಪತ್ರ, ಹಿಂದಿನ ಹನ್ನೆರಡು ತಿಂಗಳ ಗ್ಯಾಸ್ ಮತ್ತು ಕರೆಂಟ್ ಬಿಲ್ ಮೊದಲೇ ಜೋಡಿಸಿಟ್ಟುಕೊಳ್ಳಿ.

ಪ್ರಶ್ನೆ: ಕಿಟಕಿಗಳೆಲ್ಲ ಹಳತು. ಹೊಸದು ಹಾಕಿಕೊಡಿ ಎಂದರೆ, ಮನೆ ಪರಿಶೀಲಿಸಲು ಬಂದ ಆಡಿಟರ್ ಅಟ್ಟ ಹತ್ತಿ ನೋಡಿ ಅಲ್ಲಿಯದನ್ನೇ ಬರೆದುಕೊಂಡು ಹೋದರು. ಏಕೆ ಹೀಗೆ?

ಲೆಕ್ಕ ಹಾಗೆ ಹೇಳುತ್ತದೆ, ಅದಕ್ಕೆ. ಒಂದು ಕೆಲಸದಿಂದ ಅದರ ಆಯುಷ್ಯದಲ್ಲಿ ಉಳಿಯುವ ಹಣ, ಅದಕ್ಕೆ ತಗಲುವ ಖರ್ಚಿಗಾದರೂ ಸಮನಾಗಬೇಕೆಂಬುದು ಯೋಜನೆಯ ಕಟ್ಟಳೆ. ಬಡ್ಡಿ ಲೆಕ್ಕ ಬಿಟ್ಟು ಸರಳವಾಗಿ ನೋಡಿ: ಒಂದು ಕಿಟಕಿಗೆ 600 ಡಾಲರ್ ಖರ್ಚಾಗಿ ವರ್ಷಕ್ಕೆ 12 ಉಳಿದರೆ 20 ವರ್ಷಕ್ಕೆ 240, ಅನುಪಾತ 0.4, ತಿರಸ್ಕಾರ. ಅಟ್ಟಕ್ಕೆ 1,800 ಹಾಕಿ ವರ್ಷಕ್ಕೆ 180 ಉಳಿದರೆ ಅನುಪಾತ 2. ಗಾಜು ಒಡೆದಿದ್ದರೆ ಅದನ್ನು ಸರಿಮಾಡುತ್ತಾರೆ, ಅಷ್ಟೇ.

ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತದೆ. ಹೋದಷ್ಟು ತಣ್ಣನೆ ಗಾಳಿಯನ್ನು ನೆಲಮಾಳಿಗೆಯಿಂದ ಎಳೆದುಕೊಳ್ಳುತ್ತದೆ. ಕಿಟಕಿಯ ಬಳಿ ಕೂತವರಿಗೆ ಚಳಿ ಕಿಟಕಿಯದೇ ಅನ್ನಿಸುವುದು ಸಹಜ. ಸೋರಿಕೆ ಎಷ್ಟೆಂದು ಅಳೆಯಲು ಬಾಗಿಲಿಗೆ ಬ್ಲೋವರ್ ಡೋರ್ ಎಂಬ ಫ್ಯಾನ್ ಕಟ್ಟಿ, ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ 50 ಪಾಸ್ಕಲ್ ಇಳಿಸುತ್ತಾರೆ. ಗಂಟೆಗೆ 20 ಮೈಲಿ ವೇಗದ ಗಾಳಿ ಮನೆಯ ಎಲ್ಲ ಕಡೆಗೂ ಒಟ್ಟಿಗೆ ಬಡಿದಂತೆ. ಆ ದಿನ ಸೌದೆ ಒಲೆಯಲ್ಲಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ಇರಬಾರದು, ಬೂದಿ ತೆಗೆದಿರಬೇಕು; ಇಲ್ಲವಾದರೆ ಎಲ್ಲ ನಡುಮನೆಗೆ ಬರುತ್ತದೆ.

ಕೆಲಸದ ಕ್ರಮವೂ ಮುಖ್ಯ. ಮೊದಲು ಸಂದು ಮುಚ್ಚಬೇಕು, ಆಮೇಲೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಹೊದಿಕೆ. ಪೈಪು, ವೈರು ಮೇಲೇರುವ ತೂತುಗಳಿಗೆ ಫೋಮ್. ಚಿಮಣಿಯ ಸುತ್ತ ಮಾತ್ರ ಫೋಮ್ ಸಲ್ಲದು, ತಗಡು ಮತ್ತು ಶಾಖ ತಡೆಯುವ ಸೀಲಂಟ್ ಬೇಕು. ಸೂರಿನಿಂದ ಬರುವ ಗಾಳಿಗೆ ದಾರಿ ಉಳಿಯುವಂತೆ ಬ್ಯಾಫಲ್ ಎಂಬ ತಡೆಹಲಗೆ, ಅಟ್ಟದ ಬಾಗಿಲಿನ ಸುತ್ತ ಕಟ್ಟೆ. ಇದೆಲ್ಲ ಆದ ಮೇಲೆ ಊದುವ ಸೆಲ್ಯುಲೋಸ್, ಅಂದರೆ ಕಾಗದದ ಚೂರಿನ ಇನ್ಸುಲೇಷನ್. ಶಾಖ ತಡೆಯುವ ಶಕ್ತಿಯ ಅಳತೆ ‘ಆರ್’; ಇಂಚಿಗೆ ಸುಮಾರು ಆರ್-3.5 ಸಿಗುತ್ತದೆ, ಆರ್-49 ಬೇಕಾದರೆ 14 ಇಂಚು. ಸಂದು ಮುಚ್ಚದೆ ಸುರಿದರೆ ತೇವದ ಗಾಳಿ ಅದರೊಳಗಿಂದಲೇ ನುಸುಳಿ ಚಾವಣಿ ಹಲಗೆಗೆ ಹಿಮವಾಗಿ ಅಂಟಿ, ಕರಗಿ, ಬೂಷ್ಟು ಹಿಡಿಸುತ್ತದೆ. ಬಚ್ಚಲುಮನೆಯ ಫ್ಯಾನ್ ಅಟ್ಟದೊಳಕ್ಕೇ ಬಿಟ್ಟಿದ್ದರೂ ಇದೇ ಗತಿ. ಅದರ ಕೊಳವೆ ಹೊರಗೆ ತೆರೆದಿದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಅರ್ಜಿ ಒಪ್ಪಿದರು, ಆದರೆ ‘ಡಿಫರಲ್’ ಎಂದು ಪತ್ರ ಬಂದಿದೆ. ಕೈಬಿಟ್ಟರೇ?

ಇಲ್ಲ, ಮುಂದೂಡಿದ್ದಾರೆ. ಸೋರುವ ಚಾವಣಿ, ಹಬ್ಬಿದ ಬೂಷ್ಟು, ಸರಂಜಾಮು ತುಂಬಿ ಕಾಲಿಡಲಾಗದ ಅಟ್ಟ, ಚೀನೀ ಮಣ್ಣಿನ ಗುಬುಟಿಗಳ ಮೇಲೆ ಹಾಯ್ದ ಹಳೇ ನಾಬ್-ಆ್ಯಂಡ್-ಟ್ಯೂಬ್ ವೈರಿಂಗ್, ಆಸ್ಬೆಸ್ಟಸ್ ಇರಬಹುದಾದ ವರ್ಮಿಕ್ಯುಲೈಟ್ ಎಂಬ ಹಳೇ ಖನಿಜ ಇನ್ಸುಲೇಷನ್: ಇವೇ ಸಾಮಾನ್ಯ ಕಾರಣಗಳು. ಆ ವೈರಿಂಗ್ ಶಾಖವನ್ನು ಸುತ್ತಲಿನ ಗಾಳಿಗೆ ಬಿಟ್ಟು ತಣ್ಣಗಾಗುವಂಥದ್ದು. ಸೆಲ್ಯುಲೋಸಿನಲ್ಲಿ ಹೂತರೆ ಬೆಂಕಿಯ ಭಯ. ಯೋಜನೆಯಲ್ಲಿ ಆರೋಗ್ಯ-ಸುರಕ್ಷತೆಗೆ ಸ್ವಲ್ಪ ಹಣವಿದೆ, ಇಡೀ ಚಾವಣಿ ಹೊದಿಸುವಷ್ಟಿಲ್ಲ. ಏನು ಸರಿಯಾದರೆ ಮತ್ತೆ ಬರುತ್ತಾರೆಂದು ಪತ್ರದಲ್ಲೇ ಬರೆದಿರಬೇಕು; ಇರದಿದ್ದರೆ ಕೇಳಿ ಬರೆಸಿಕೊಳ್ಳಿ. ಹಳ್ಳಿಗಾಡಿನ ಸ್ವಂತ ಮನೆಯವರಿಗೆ ಕೃಷಿ ಇಲಾಖೆಯ 504 ಮನೆ ದುರಸ್ತಿ ಯೋಜನೆ ಇದೆ: ಆದಾಯ ತೀರಾ ಕಡಿಮೆಯಿದ್ದರೆ ಸಾಲ, 62 ದಾಟಿದವರಿಗೆ ಅನುದಾನ. ಎರಡಕ್ಕೂ ಒಟ್ಟಿಗೆ ಓಡಾಡುವುದು ಒಳ್ಳೆಯದು.

ಪ್ರಶ್ನೆ: ಬಾಡಿಗೆ ಮನೆಗೂ ಸಿಗುತ್ತದೆಯೇ?

ಸಿಗುತ್ತದೆ, ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಅಪಾರ್ಟ್‌ಮೆಂಟ್ ಕಟ್ಟಡವಾದರೆ ಸಾಮಾನ್ಯವಾಗಿ 66 ಶೇಕಡ ಮನೆಗಳು ಅರ್ಹವಾಗಿರಬೇಕು. ಎರಡು ಅಥವಾ ನಾಲ್ಕು ಮನೆಗಳ ಕಟ್ಟಡಕ್ಕೆ 50 ಸಾಕು. ಈ ಕೆಲಸದ ನೆಪದಲ್ಲಿ ನಿಗದಿತ ಅವಧಿಯವರೆಗೆ ಬಾಡಿಗೆ ಏರಿಸುವಂತಿಲ್ಲ. ಅವಧಿ ಎಷ್ಟೆಂದು ಒಪ್ಪಂದದಲ್ಲಿ ಓದಿ, ಒಂದು ಪ್ರತಿ ನಿಮ್ಮಲ್ಲಿರಲಿ.

ಪ್ರಶ್ನೆ: ಕೆಲಸ ಮುಗಿದ ಮೇಲೆ ಬಚ್ಚಲಲ್ಲಿ ಸದಾ ಓಡುವ ಫ್ಯಾನ್ ಹಾಕಿ ಹೋಗಿದ್ದಾರೆ. ಬಿಸಿ ಹೊರಗೆ ಹೋಗುವುದಿಲ್ಲವೇ? ಆರಿಸಬಹುದೇ?

ಆರಿಸಬೇಡಿ. ಸಂದು ಮುಚ್ಚಿದ ಮನೆಗೆ ಅಳತೆಯಿಟ್ಟು ಗಾಳಿ ಕೊಡಬೇಕು. ಸೂತ್ರ ಇಷ್ಟು: ಪ್ರತಿ ಚದರಡಿಗೆ 0.03, ಅದಕ್ಕೆ ಮಲಗುವ ಕೋಣೆಗಳ ಸಂಖ್ಯೆಗೆ ಒಂದು ಸೇರಿಸಿ 7.5ರಿಂದ ಗುಣಿಸಿದ್ದು. 1,200 ಚದರಡಿ, ಮೂರು ಕೋಣೆಯ ಮನೆಗೆ 36 ಮತ್ತು 30, ಒಟ್ಟು ನಿಮಿಷಕ್ಕೆ 66 ಘನ ಅಡಿ. ಇನ್ನೂ ಸೋರುತ್ತಿರುವ ಗಾಳಿಯನ್ನು ಇದರಲ್ಲಿ ಕಳೆಯುತ್ತಾರೆ, ಹಾಗಾಗಿ ನಿಮ್ಮ ಫ್ಯಾನ್ ಇನ್ನೂ ಕಡಿಮೆಗೆ ಹೊಂದಿಸಿರಬಹುದು. ಇದನ್ನು ನಿಲ್ಲಿಸಿದರೆ ಮೊದಲು ಕಾಣುವುದು ಬೆಳಗಿನ ಹೊತ್ತು ಕಿಟಕಿಯ ಗಾಜಿನ ಮೇಲೆ ನೀರಹನಿ.

ಅದಕ್ಕಿಂತ ಮುಖ್ಯವಾದದ್ದು ಫರ್ನೇಸ್ (ಮನೆ ಬಿಸಿಮಾಡುವ ಕುಲುಮೆ) ಮತ್ತು ವಾಟರ್ ಹೀಟರ್ ಹೊಗೆ. ಬಿಗಿಯಾದ ಮನೆಯಲ್ಲಿ ಫ್ಯಾನುಗಳೂ ಡ್ರೈಯರೂ ಒಟ್ಟಿಗೆ ಓಡಿದರೆ ಚಿಮಣಿಯ ಹೊಗೆ ಒಳಕ್ಕೆ ಮರಳಬಹುದು. ಎಲ್ಲವನ್ನೂ ಒಮ್ಮೆಲೇ ಓಡಿಸಿ ಈ ಪರೀಕ್ಷೆ ಮಾಡಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು. ಕೊನೆಗೆ ಕ್ವಾಲಿಟಿ ಕಂಟ್ರೋಲ್ ಇನ್‌ಸ್ಪೆಕ್ಟರ್ ಬಂದು ನೋಡದೆ ಕೆಲಸ ಮುಗಿದಂತಲ್ಲ. ಅವರು ಬಂದಾಗ ಮೊದಲಿನ ಮತ್ತು ನಂತರದ ಬ್ಲೋವರ್ ಡೋರ್ ಅಂಕಿ, ಹೊಗೆ ಪರೀಕ್ಷೆಯ ಫಲಿತಾಂಶ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಒಮ್ಮೆ ಈ ನೆರವು ಪಡೆದ ಮನೆಗೆ ಮತ್ತೆ ಸಿಗುವುದು ಸಾಮಾನ್ಯವಾಗಿ 15 ವರ್ಷದ ನಂತರವೇ, ಆದ್ದರಿಂದ ಬಿಟ್ಟುಹೋದದ್ದನ್ನು ತೋರಿಸಬೇಕಾದ ಹೊತ್ತು ಅದೇ.