ಕೀರುವ ಬ್ರೇಕ್: ಬಿಡಿಭಾಗ ಕೊಳ್ಳುವ ಮುನ್ನ ಸದ್ದು ಯಾವ ಚಕ್ರದ್ದೆಂದು ತಿಳಿಯಿರಿ

ಪ್ರಶ್ನೆ: ನಾನು ಹಾಸನದವನು, ಈಗ ಅಮೆರಿಕದ ಸ್ಯಾನ್ ಹೋಸೆಯಲ್ಲಿದ್ದೇನೆ. 1999ರ ಮಜ್ದಾ ಎಂಎಕ್ಸ್-5, ಇಲ್ಲಿನವರು ಮಿಯಾಟಾ ಎಂದು ಕರೆಯುವ ಎರಡು ಆಸನದ ಕಾರನ್ನು, ಹಿಂದಿನ ವರ್ಷ ಕೈಬದಲಿಯಾಗಿ ಕೊಂಡೆ. ಸಿಗ್ನಲ್ ಹತ್ತಿರ ನಿಧಾನವಾಗಿ ಬಂದು ನಿಲ್ಲುವಾಗ ಬ್ರೇಕ್ ದಾರಿಹೋಕರು ತಿರುಗಿ ನೋಡುವಷ್ಟು ಕೀರುತ್ತದೆ. ಪೆಡಲ್ ಗಟ್ಟಿಯಾಗಿ ಒತ್ತಿದರೆ ಸದ್ದು ಇರುವುದಿಲ್ಲ. ಗ್ಯಾರೇಜೊಂದರಲ್ಲಿ ಮುಂದಿನ ಎರಡೂ ಚಕ್ರಗಳ ಡಿಸ್ಕ್ (ಚಕ್ರದೊಂದಿಗೆ ತಿರುಗುವ ತಟ್ಟೆ) ಮತ್ತು ಪ್ಯಾಡ್ (ಅದನ್ನು ಒತ್ತಿ ಹಿಡಿಯುವ ಬಿಲ್ಲೆ) ಬದಲಾಯಿಸಿಕೊಟ್ಟರು, ಆದರೂ ಸದ್ದು ಹೋಗಲಿಲ್ಲ. ಈಗ ಹಿಂದಿನವನ್ನೂ ಬದಲಾಯಿಸೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ? ಸಣ್ಣಪುಟ್ಟ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳುವ ಅಭ್ಯಾಸ ನನಗಿದೆ.

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರಗಳದ್ದೇ ಆದ್ದರಿಂದ ಗ್ಯಾರೇಜಿನವರ ಅನುಮಾನ ಮೊದಲು ಅತ್ತ ಹೋದದ್ದು ಸಹಜ. ಆದರೆ ಅನುಮಾನವನ್ನು ಪರೀಕ್ಷಿಸದೆಯೇ ಬಿಲ್ ಬರೆದದ್ದು ಸರಿಯಲ್ಲ, ಮತ್ತು ಈಗ ಅದೇ ತಪ್ಪನ್ನು ಹಿಂದಿನ ಚಕ್ರಗಳಲ್ಲಿ ಮಾಡಲು ಹೊರಟಿದ್ದಾರೆ.

ಪಿಟೀಲಿನ ಕಮಾನು ತಂತಿಯನ್ನು ಹಿಡಿದು, ಜಾರಿ, ಮತ್ತೆ ಹಿಡಿಯುವುದರಿಂದಲೇ ನಾದ ಹುಟ್ಟುತ್ತದೆ. ಬ್ರೇಕಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಅದೇ. ಪ್ಯಾಡು ಡಿಸ್ಕನ್ನು ಸೆಕೆಂಡಿಗೆ ಸಾವಿರಾರು ಬಾರಿ ಹಿಡಿದು ಬಿಡುತ್ತ ತಾನೂ ನಡುಗುತ್ತದೆ, ಎರಕದ ಕಬ್ಬಿಣದ ಡಿಸ್ಕನ್ನೂ ನಡುಗಿಸುತ್ತದೆ. ಆ ಡಿಸ್ಕು ಗಂಟೆಯಂತೆ ಮೊಳಗಿ ನಡುಕವನ್ನು ನಮ್ಮ ಕಿವಿಗೆ ತಲುಪಿಸುತ್ತದೆ. ಗಟ್ಟಿಯಾಗಿ ಒತ್ತಿದಾಗ ಪ್ಯಾಡು ಅಲುಗಾಡಲು ಎಡೆ ಸಿಗದೆ ಸದ್ದು ಅಡಗುತ್ತದೆ, ಹಗುರವಾಗಿ ಒತ್ತಿದಾಗ ಮರಳುತ್ತದೆ. ಹೀಗಾಗಿ ಕೀರಿದ ಮಾತ್ರಕ್ಕೆ ಬ್ರೇಕು ಹಿಡಿಯುತ್ತಿಲ್ಲ ಎಂದರ್ಥವಲ್ಲ. ಯಾವುದೋ ಒಂದು ಭಾಗ ತನ್ನ ಜಾಗದಲ್ಲಿ ಭದ್ರವಾಗಿ ಕುಳಿತಿಲ್ಲ, ಇಲ್ಲವೇ ಜಾರಬೇಕಾದದ್ದು ಜಾರುತ್ತಿಲ್ಲ ಎಂದರ್ಥ. ಎರಡು ಸದ್ದುಗಳು ಮಾತ್ರ ಬೇರೆಯವು. ಪೆಡಲ್ ಮುಟ್ಟದಿದ್ದಾಗಲೂ ಚಕ್ರ ತಿರುಗಿದಂತೆ ಸಣ್ಣಗೆ ಕೀರುತ್ತಿದ್ದರೆ, ಪ್ಯಾಡು ಸವೆದು ಅದರ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗುತ್ತಿದೆ ಎಂದು ತಿಳಿಯಬೇಕು. ಗರಗರ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ ಕಾರನ್ನು ಓಡಿಸಲೇಬಾರದು. ನಿಮ್ಮ ವಿವರಣೆಯಲ್ಲಿ ಇವೆರಡೂ ಇಲ್ಲ.

ನಿಮ್ಮ ಕಾರಿನಲ್ಲಿ ಹ್ಯಾಂಡ್‌ಬ್ರೇಕ್‌ಗೆ ಬೇರೆ ಡ್ರಮ್ ಇಲ್ಲದೆ, ಅದು ಹಿಂದಿನ ಡಿಸ್ಕುಗಳ ಅದೇ ಪ್ಯಾಡುಗಳನ್ನು ಒತ್ತುವುದು ಪತ್ತೆಯ ಕೆಲಸಕ್ಕೆ ದೊಡ್ಡ ಅನುಕೂಲ. ಖಾಲಿ ಮೈದಾನದಲ್ಲಿ ಗಂಟೆಗೆ 10–15 ಕಿ.ಮೀ. ವೇಗದಲ್ಲಿ ಸಾಗುತ್ತ, ಪೆಡಲ್ ಮುಟ್ಟದೆ, ಹ್ಯಾಂಡ್‌ಬ್ರೇಕ್ ಗುಂಡಿಯನ್ನು ಒತ್ತಿ ಹಿಡಿದೇ ಸನ್ನೆಯನ್ನು ಸ್ವಲ್ಪ ಸ್ವಲ್ಪವೇ ಎಳೆಯಿರಿ. ಆಗ ಅದೇ ಕೀರಲು ಕೇಳಿದರೆ ದೋಷ ಹಿಂದಿನ ಚಕ್ರಗಳದ್ದು. ಎಡವೋ ಬಲವೋ ಎಂಬುದನ್ನು ತಿಳಿಯಲು ಕಾರಿನ ಮಡಚುವ ಚಾವಣಿಯನ್ನು, ಅಂದರೆ ಟಾಪನ್ನು, ಮಡಚಿ, ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಒಮ್ಮೆ ಆ ದಿಕ್ಕಿನಿಂದ, ಒಮ್ಮೆ ಈ ದಿಕ್ಕಿನಿಂದ ಬ್ರೇಕ್ ಹಿಡಿಯುತ್ತ ಹೋಗಿ. ಗೋಡೆಗೆ ಹತ್ತಿರವಿರುವ ಚಕ್ರದ ಸದ್ದು ಎದ್ದು ಕೇಳುತ್ತದೆ. ಟಾಪ್ ಇಲ್ಲದ ಕಾರಿನಲ್ಲಿ ಬಿಸಿಲು ಕಾಯುವುದಕ್ಕಿಂತ ಇದು ಒಳ್ಳೆಯ ಉಪಯೋಗ ಎಂದು ನನ್ನ ಎಣಿಕೆ. ಕೊನೆಗೆ, ಬ್ರೇಕ್ ಹೆಚ್ಚು ಬಳಸದೆ ಕಾಲು ಗಂಟೆ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕನ್ನು ಮುಟ್ಟಬೇಡಿ. ಒಂದು ಚಕ್ರ ತನ್ನ ಜೊತೆಯದಕ್ಕಿಂತ ಸ್ಪಷ್ಟವಾಗಿ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ.

ಇಷ್ಟು ವಯಸ್ಸಿನ ಎಂಎಕ್ಸ್-5ಗಳಲ್ಲಿ ಹಿಂದಿನ ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗದ) ಸ್ಲೈಡ್ ಪಿನ್ನುಗಳು ಒಣಗಿ ತುಕ್ಕು ಹಿಡಿದು ಕಚ್ಚಿಕೊಳ್ಳುವುದು ತೀರ ಸಾಮಾನ್ಯವಾದ್ದರಿಂದ, ನಾನಾಗಿದ್ದರೆ ಮೊದಲು ನೋಡುವುದು ಅದನ್ನೇ. ಈ ಕ್ಯಾಲಿಪರಿನಲ್ಲಿ ಇರುವುದು ಒಂದೇ ಪಿಸ್ಟನ್. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ ಕಚ್ಚಿಕೊಂಡರೆ ಒಳಗಿನ ಪ್ಯಾಡು ಒಂದೇ ದುಡಿಯುತ್ತದೆ, ಹೊರಗಿನದು ಸುಮ್ಮನೆ ಕುಳಿತು ಕೀರುತ್ತದೆ.

ಹಿಂಭಾಗವನ್ನು ಎತ್ತಬೇಕಾದರೆ ಹ್ಯಾಂಡ್‌ಬ್ರೇಕನ್ನು ಬಿಟ್ಟಿರಬೇಕು, ಇಂಜಿನ್ ತಿರುಗಿಸುವ ಹಿಂದಿನ ಚಕ್ರಗಳೇ ಮೇಲೆದ್ದಿರುವಾಗ ಗೇರೂ ಕಾರನ್ನು ಹಿಡಿಯುವುದಿಲ್ಲ. ಆದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಟ್ಟು, ಜಾಕಿನ ಮೇಲಷ್ಟೇ ಬಿಡದೆ ಸ್ಟ್ಯಾಂಡ್ ಇಟ್ಟ ಮೇಲೆಯೇ ಚಕ್ರ ಕಳಚಿ. ಮುಂದಿನ ಚಕ್ರಗಳ ಪಿಸ್ಟನ್ನನ್ನು ಒತ್ತಿ ಒಳಕ್ಕೆ ತಳ್ಳಿದಂತೆ ಹಿಂದಿನ ಚಕ್ರಗಳದ್ದನ್ನು ಕ್ಲಾಂಪ್ ಹಾಕಿ ತಳ್ಳಿದರೆ ಒಳಗಿನ ಹ್ಯಾಂಡ್‌ಬ್ರೇಕ್ ಜೋಡಣೆ ಹಾಳಾಗುತ್ತದೆ. ಕ್ಯಾಲಿಪರಿನ ಬೆನ್ನಿನಲ್ಲಿ 14 ಮಿ.ಮೀ. ಸ್ಪ್ಯಾನರ್ ಹಿಡಿಸುವ ಒಂದು ಮುಚ್ಚಳದ ಬೋಲ್ಟ್ ಇದೆ. ಅದನ್ನು ತೆಗೆದು 4 ಮಿ.ಮೀ. ಅಲೆನ್ ಕೀಯನ್ನು ಒಳಗಿಟ್ಟು ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಪಿಸ್ಟನ್ ತಾನಾಗಿ ಹಿಂದೆ ಸರಿಯುತ್ತದೆ. ಬಿಚ್ಚಿದ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ಜೋತುಬಿಡದೆ ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ.

ಈಗ ಎರಡು ಪ್ಯಾಡುಗಳನ್ನು ಪಕ್ಕಪಕ್ಕದಲ್ಲಿಟ್ಟು ದಪ್ಪ ಹೋಲಿಸಿ. ಒಳಗಿನದು 3 ಮಿ.ಮೀ., ಹೊರಗಿನದು 7 ಮಿ.ಮೀ. ಇದ್ದರೆ ಬೇರೆ ಸಾಕ್ಷಿಯೇ ಬೇಡ. ಪಿನ್ನುಗಳನ್ನು ಹೊರತೆಗೆದು ಹಳೆಯ ಗ್ರೀಸನ್ನು ಪೂರ್ತಿ ಒರೆಸಿ, ತುಕ್ಕು ಉಜ್ಜಿ, ಬ್ರೇಕಿಗೆಂದೇ ಮಾರುವ ಸಿಲಿಕೋನ್ ಗ್ರೀಸ್ ಸವರಿ. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಬೂಟುಗಳು ಉಬ್ಬಿ ಪಿನ್ ಮತ್ತೆ ಕಚ್ಚುತ್ತದೆ. ಪ್ಯಾಡಿನ ಕಿವಿಗಳು ಕೂರುವ ಜಾಗವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ ತೆಳುವಾಗಿ ಗ್ರೀಸ್ ಹಚ್ಚಿ. ಪ್ಯಾಡಿನ ಬೆನ್ನಿಗಿರುವ ತೆಳು ತಗಡು, ಅಂದರೆ ಶಿಮ್, ನಡುಕವನ್ನು ನುಂಗಲೆಂದೇ ಇರುವುದು; ಹಳೆಯ ಕಾರುಗಳಲ್ಲಿ ಯಾರೋ ಅದನ್ನು ತೆಗೆದು ಎಸೆದಿರುವುದುಂಟು. ಪ್ಯಾಡಿನ ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಸಮತಟ್ಟಾದ ಹಲಗೆಯ ಮೇಲೆ ಎಮರಿ ಪೇಪರ್ ಇಟ್ಟು ಹೊಳಪು ಹೋಗುವವರೆಗೆ ತಿಕ್ಕಿ, ಆದರೆ ಮೂಗಿಗೆ ಮಾಸ್ಕ್ ಇರಲಿ, ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಿಂದಿನ ಡಿಸ್ಕು 8 ಮಿ.ಮೀ.ಗಿಂತ ತೆಳುವಾಗಿದ್ದರೆ ಮಾತ್ರ ಬದಲಾವಣೆಯ ಮಾತು.

ಎತ್ತಿನ ಗಾಡಿಯ ಅಚ್ಚು ಕೀರಿದರೆ ಕೀಲೆಣ್ಣೆ ಹಾಕಿ ಬೆಳೆದವರು ನಾವು. ಆ ಅಭ್ಯಾಸದಿಂದಲೇ ಏನೋ, ಪ್ಯಾಡಿನ ಮುಖಕ್ಕೇ ಎಣ್ಣೆ ತಾಗಿಸಿ ಸದ್ದು ನಿಲ್ಲಿಸಿದೆ ಎಂದು ಹೆಮ್ಮೆಯಿಂದ ಬರೆಯುವವರು ವರ್ಷಕ್ಕೊಬ್ಬರಾದರೂ ಇರುತ್ತಾರೆ. ಅವರು ಸದ್ದಿನ ಜೊತೆಗೆ ಬ್ರೇಕನ್ನೂ ನಿಲ್ಲಿಸಿರುತ್ತಾರೆ.

ಎಲ್ಲವನ್ನೂ ಕೂಡಿಸಿದ ಮೇಲೆ ಅದೇ ಅಲೆನ್ ಕೀಯನ್ನು ಪ್ಯಾಡುಗಳು ಡಿಸ್ಕಿಗೆ ತಾಗುವವರೆಗೆ ಪ್ರದಕ್ಷಿಣೆಯಾಗಿ ತಿರುಗಿಸಿ, ಅಲ್ಲಿಂದ ಸುತ್ತಿನ ಮೂರನೆಯ ಒಂದು ಭಾಗದಷ್ಟು ಹಿಂದಕ್ಕೆ ತನ್ನಿ. ಕಾರನ್ನು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಲು ಮರೆಯಬೇಡಿ. ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ಯಿಂದ 10 ಕಿ.ಮೀ.ಗೆ, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಬಾರಿ ಇಳಿಸಿ, ಬಳಿಕ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಿ. ಪ್ಯಾಡಿನ ವಸ್ತು ತೆಳು ಪದರವಾಗಿ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕಾದರೆ ಹೀಗೆ ಪಳಗಿಸುವುದು ಅಗತ್ಯ. ನಿಮ್ಮ ಮುಂದಿನ ಚಕ್ರಗಳ ಹೊಸ ಪ್ಯಾಡುಗಳಿಗೂ ಇದನ್ನು ಯಾರೂ ಮಾಡಿರಲಾರರು.

ಪ್ಯಾಡ್ ಕೊಳ್ಳಲೇಬೇಕಾಗಿ ಬಂದರೆ ಒಂದು ಮಾತು. ನೀವಿರುವ ಕ್ಯಾಲಿಫೋರ್ನಿಯಾ ರಾಜ್ಯ 2010ರಲ್ಲಿ ಮಾಡಿದ ಕಾನೂನಿನ ಪ್ರಕಾರ 2025ರಿಂದ ಪ್ಯಾಡುಗಳಲ್ಲಿ ತಾಮ್ರ ಶೇ. 0.5ನ್ನು ಮೀರುವಂತಿಲ್ಲ. ಪೆಟ್ಟಿಗೆಯ ಮೇಲಿನ ಎಲೆಯ ಗುರುತಿನಲ್ಲಿ ಮೂರೂ ಎಲೆಗಳು ತುಂಬಿದ್ದರೆ ಅದು ಈ ಮಿತಿಯೊಳಗಿನದು. ಬಿಸಿಯನ್ನು ಹರಡುತ್ತ ಸದ್ದನ್ನೂ ತಗ್ಗಿಸುತ್ತಿದ್ದ ತಾಮ್ರದ ಜಾಗಕ್ಕೆ ಒಬ್ಬೊಬ್ಬರು ಒಂದೊಂದು ವಸ್ತು ಹಾಕುತ್ತಿರುವುದರಿಂದ, ಹತ್ತು ವರ್ಷದ ಹಿಂದೆ ಗೆಳೆಯರು ಮೆಚ್ಚಿದ ಪ್ಯಾಡು ಇಂದು ಅದೇ ಹೆಸರಿನಲ್ಲಿ ಬಂದರೂ ಅದೇ ಪ್ಯಾಡಾಗಿರಬೇಕಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿರುವ ನಾನು ಕೊಯಮತ್ತೂರಿನ ಕರಿ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿನಲ್ಲಿ ಓಡಿಸಲೆಂದು ನನ್ನ ಸ್ಪೋರ್ಟ್ಸ್ ಕಾರಿಗೆ ಟ್ರ್ಯಾಕ್ ಪ್ಯಾಡುಗಳನ್ನು ಹಾಕಿಸಿದೆ. ಅಲ್ಲಿ ಅವು ಅದ್ಭುತವಾಗಿದ್ದವು. ಊರಿಗೆ ಮರಳಿದ ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಲಾರಿಗಿಂತ ಜೋರಾಗಿ ಕೀರುತ್ತಿವೆ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರುಗಳಲ್ಲಿ ದೋಷವಿದೆಯೇ?

ಉತ್ತರ: ದೋಷ ಕ್ಯಾಲಿಪರಿನದಲ್ಲ, ಜಾಗದ್ದು. ಟ್ರ್ಯಾಕ್ ಪ್ಯಾಡು ನೂರಾರು ಡಿಗ್ರಿ ಕಾದ ಮೇಲೆ ಸರಿಯಾಗಿ ಹಿಡಿಯುವಂತೆ ತಯಾರಾಗಿರುತ್ತದೆ. ಅಷ್ಟು ಕಾಯುವ ಅವಕಾಶ ಸಿಲ್ಕ್ ಬೋರ್ಡಿನಲ್ಲಿ ನಿಮ್ಮ ಇಂಜಿನ್ನಿಗೆ ಸಿಗಬಹುದು, ಬ್ರೇಕಿಗೆ ಸಿಗುವುದಿಲ್ಲ. ತಣ್ಣಗಿರುವಾಗ ಅದು ಕೀರುವುದರ ಜೊತೆಗೆ ಮೊದಲ ಒತ್ತಿಗೆ ಹಿಡಿತವನ್ನೂ ಕಡಿಮೆ ಕೊಡುತ್ತದೆ, ಮತ್ತು ನನಗೆ ಹೆಚ್ಚು ಚಿಂತೆಯಾಗುವುದು ಈ ಎರಡನೆಯದೇ. ಎರಡು ಜೊತೆ ಪ್ಯಾಡುಗಳನ್ನು ಇಟ್ಟುಕೊಂಡು ಟ್ರ್ಯಾಕಿಗೆ ಹೋಗುವ ಮುನ್ನ ಒಂದನ್ನು, ಬಂದ ಮೇಲೆ ಇನ್ನೊಂದನ್ನು ಹಾಕಿ. ನಿಮ್ಮ ಬಗೆಯ ಕ್ಯಾಲಿಪರುಗಳಲ್ಲಿ ಸಾಮಾನ್ಯವಾಗಿ ಕ್ಯಾಲಿಪರ್ ಕಳಚದೆಯೇ ಪ್ಯಾಡು ಹೊರಬರುತ್ತದೆ. ಬದಲಾಯಿಸಿದಾಗಲೆಲ್ಲ ಡಿಸ್ಕಿನ ಮುಖವನ್ನು ಎಮರಿ ಪೇಪರಿನಿಂದ ಒರಟು ಮಾಡಿ ಹಳೆಯ ಪದರ ತೆಗೆದು, ಮೇಲಿನ ಉತ್ತರದಲ್ಲಿ ಹೇಳಿದಂತೆ ಪಳಗಿಸಬೇಕು. ಒಂದು ಬಗೆಯ ಪದರದ ಮೇಲೆ ಇನ್ನೊಂದು ಬಗೆಯ ಪ್ಯಾಡು ಕೂತರೆ ಸದ್ದು ಇನ್ನೊಂದು ಶ್ರುತಿಯಲ್ಲಿ ಮುಂದುವರಿಯುವ ಸಂಭವವಿದೆ.

ಪ್ರಶ್ನೆ: ಮಂಗಳೂರಿನಲ್ಲಿ ಮಳೆಗಾಲದ ಬೆಳಿಗ್ಗೆ ಮಾತ್ರ, ಮೊದಲ ಮೂರು ನಾಲ್ಕು ಬ್ರೇಕಿಗೆ ಸದ್ದು ಬಂದು ಆಮೇಲೆ ನಿಂತುಹೋಗುತ್ತದೆ. ಚಿಕಿತ್ಸೆ ಬೇಕೇ?

ಉತ್ತರ: ಬೇಡ. ರಾತ್ರಿಯ ತೇವಕ್ಕೆ ಡಿಸ್ಕಿನ ಮೇಲೆ ಕೂತ ತೆಳು ತುಕ್ಕನ್ನು ಪ್ಯಾಡುಗಳೇ ಒರೆಸುತ್ತವೆ. ಕಾರನ್ನು ವಾರಗಟ್ಟಲೆ ನಿಲ್ಲಿಸಿ ಹೋಗುವುದಾದರೆ ಮಾತ್ರ ಒದ್ದೆ ಬ್ರೇಕಿನ ಮೇಲೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಗಳಿಗೆ ಅಡೆ ಕೊಟ್ಟು ಹೋಗಿ.